ಅರ್ಧ ಕೆಜಿ ಕೊಸರು

೧೮ ಸೆಪ್ಟೆಂಬರ್ ೨೦೦೭, ಮಂಗಳವಾರ
ಚಾಮರಾಜನಗರ

ಕನ್ನಡ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಒಂಬತ್ತು. ಅಪ್ಪ ಫೋನಿನಲ್ಲಿ ಬಯ್ಯಲಿಲ್ಲ. "ದಿನಾ ಏನಾದ್ರೂ ಒಂದು ಪುಟ ಕನ್ನಡದಲ್ಲಿ ಬರೀತಾ ಹೋಗು ರಂಜಿನಿ, ತಾನೇ ಬರುತ್ತೆ" ಎಂದರು. ಅದಕ್ಕೇ ಇದು. ಯಾರೂ ಓದುವುದಿಲ್ಲವಾದ್ದರಿಂದ ಸ್ಪೆಲಿಂಗ್ ಬಗ್ಗೆ ಟೆನ್ಷನ್ ಮಾಡಿಕೊಳ್ಳಬಾರದು ಎಂದು ಮೊದಲೇ ತೀರ್ಮಾನಿಸಿದ್ದೇನೆ. ಉಳಿದ ಎಲ್ಲದರ ಬಗ್ಗೆಯೂ ಟೆನ್ಷನ್ ಇದ್ದೇ ಇದೆ.

ಹುಟ್ಟಿದ್ದು ಗುಂಡ್ಲುಪೇಟೆಯಾದರೂ ಐದನೇ ಕ್ಲಾಸಿನಿಂದ ನಾನು ಬೆಳೆದದ್ದು ಊಟಿಯ ಹಾಸ್ಟೆಲಿನಲ್ಲಿ. ಅಲ್ಲಿ ಕನ್ನಡ ಮಾತಾಡಿದರೆ ಶಿಕ್ಷೆ. ಇಲ್ಲಿ ಫಸ್ಟ್ ಬಿ.ಎಸ್ಸಿ. ಕ್ಲಾಸಿನಲ್ಲಿ "ಎಕ್ಸ್‌ಕ್ಯೂಸ್ ಮಿ" ಎಂದರೆ ಮುಂದಿನ ಬೆಂಚು ಪೂರ್ತಿ ತಿರುಗಿ ನೋಡುತ್ತದೆ. ಮೊನ್ನೆ ಬಸ್ಸಿನಲ್ಲಿ "ಸ್ಟಾಪ್ ಬಂತು" ಎಂದು ಹೇಳಲು ಧೈರ್ಯ ಸಾಲದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಬಂದೆ.

ರೂಮ್‌ಮೇಟ್ ಕುಮಾರಿ ಹಾಗಲ್ಲ. ಕುದೇರಿನವಳು. ಒಂದು ವರ್ಷ ಓದು ನಿಲ್ಲಿಸಿ ಮತ್ತೆ ಸೇರಿದ್ದಾಳೆ, ನನಗಿಂತ ದೊಡ್ಡವಳು. ನೋಡಿದರೆ ಹೈಸ್ಕೂಲು ಹುಡುಗಿಯ ಹಾಗಿದ್ದಾಳೆ. ಹೊರಟ ಬಸ್ಸನ್ನು ಕೈ ಅಡ್ಡ ಹಿಡಿದು ನಿಲ್ಲಿಸುತ್ತಾಳೆ, "ಅಣ್ಣಾ, ಒಸಿ ತಡಿ, ನಮ್ಮುಡ್ಗಿ ಬತ್ತಾವ್ಳೆ." ನಮ್ಮುಡ್ಗಿ ಎಂದರೆ ನಾನು.

ಇವತ್ತು ಎನ್‌ಎಸ್‌ಎಸ್ ನೋಡಿಕೊಳ್ಳುವ ಮಹಾಲಿಂಗ ಸರ್ ಕ್ಲಾಸಿಗೆ ಬಂದು ಅಕ್ಟೋಬರ್ ಒಂದಕ್ಕೆ ರಕ್ತದಾನ ಶಿಬಿರ ಎಂದರು. ಹದಿನೆಂಟು ತುಂಬಿರಬೇಕು, ನಲವತ್ತೈದು ಕೆಜಿ ತೂಕ ಇರಬೇಕು. ಹುಡುಗರ ಕಡೆಯಿಂದ ಮೂರು ಕೈ ಎದ್ದವು. ಹುಡುಗಿಯರ ಕಡೆಯಿಂದ ಒಂದೂ ಇಲ್ಲ. ಆಗ ಕುಮಾರಿ ಎದ್ದು ನಿಂತು, "ಎರಡು ಬರ್ಕೊಳಿ ಸಾ, ನಂದೊಂದು, ರಂಜಿನೀದೊಂದು" ಎಂದಳು.

ರೂಮಿಗೆ ಬಂದು ಜಗಳ ಮಾಡಿದೆ. ನನಗೆ ಸೂಜಿ ಕಂಡರೆ ಆಗುವುದಿಲ್ಲ, ಲ್ಯಾಬಿನಲ್ಲಿ ಕಪ್ಪೆ ಕೊಯ್ಯುವಾಗಲೂ ಗೋಡೆ ನೋಡಿದವಳು ನಾನು, ಕೇಳದೆ ಯಾಕೆ ಹೆಸರು ಕೊಟ್ಟೆ ಎಂದೆ.

"ಐವತ್ತೆಂಟು ಕೆಜಿ ಅಂತ ನೀನೇ ಏಳಿದ್ದಲ್ಲಮ್ಮಿ" ಎಂದಳು. "ಅಷ್ಟನ್ನೂ ಮಡಿಕ್ಕಂಡು ಏನ್ ಮಾಡೀಯೆ?"


೧ ಅಕ್ಟೋಬರ್, ಸೋಮವಾರ

ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಸೆಮಿನಾರ್ ಹಾಲಿನಲ್ಲಿ ನಾಲ್ಕು ಮಂಚ. ಬಾಗಿಲ ಪಕ್ಕ ತೂಕದ ಮೆಷಿನ್, ಅದರ ಪಕ್ಕ ಒಂದು ಮೇಜು, ಮೇಜಿನ ಮೇಲೆ ನೀಲಿ ನೀರಿನ ಪುಟ್ಟ ಗಾಜಿನ ಲೋಟ. ಬೆರಳು ಚುಚ್ಚಿ ಒಂದು ಹನಿ ಅದರೊಳಗೆ ಬಿಡುತ್ತಾರೆ. ಹನಿ ಮುಳುಗಿದರೆ ರಕ್ತ ಗಟ್ಟಿ ಇದೆ ಎಂದು ಅರ್ಥ, ತೇಲಿದರೆ ಮನೆಗೆ ಕಳಿಸುತ್ತಾರೆ. ನನ್ನ ಹನಿ ತೇಲಲಿ ಎಂದು ಬೇಡಿಕೊಂಡೆ. ಕಲ್ಲಿನ ಹಾಗೆ ಮುಳುಗಿತು.

ಕುಮಾರಿ ಮೊದಲು ತೂಕಕ್ಕೆ ನಿಂತಳು. ಮುಳ್ಳು ನಲವತ್ತೆರಡಕ್ಕೆ ನಿಂತಿತು. ಬ್ಲಡ್ ಬ್ಯಾಂಕಿನಿಂದ ಬಂದಿದ್ದ ರಾಚಮ್ಮ ಸಿಸ್ಟರ್ ಮುಳ್ಳನ್ನೂ ಅವಳನ್ನೂ ನೋಡಿ, "ಆಗಲ್ಲ ಕಣಮ್ಮಿ. ಮೂರು ಕೆಜಿ ಬೇಕು. ಉಂಡ್ಕೊಂಡು ಬಾ" ಎಂದರು.

"ಮೂರು ಕೆಜಿ ಏನ್ ಮಹಾ ಸಿಸ್ಟರ್. ತಕ್ಕಳಿ."

"ತರಕಾರಿ ಯಾಪಾರ ಅಲ್ಲ ಇದು. ಓಗು, ಪಕ್ಕಕ್ಕೆ ನಿಂತ್ಕೊ."

ಅವಳ ಮುಖ ನೋಡಲಾಗಲಿಲ್ಲ. ಆದರೂ ಬಂದು ನನ್ನ ಮಂಚದ ತಲೆಯ ಕಡೆ ನಿಂತಳು. ಸಿಸ್ಟರ್ ನನ್ನ ತೋಳಿಗೆ ಪಟ್ಟಿ ಕಟ್ಟಿದರು. ನಾನು ಮುಷ್ಟಿ ಬಿಗಿ ಹಿಡಿದಿದ್ದೆ, ಉಗುರು ಅಂಗೈಗೆ ಇಳಿಯುವಷ್ಟು. ಸೂಜಿ ಇನ್ನೂ ಕವರಿನಲ್ಲೇ ಇತ್ತು. ಆಗ ಕುಮಾರಿ ಬಗ್ಗಿ ಮೆಲ್ಲಗೆ, "ಬುಡು ರಂಜಿ, ಬುಡು. ಬುಟ್ಬುಡು" ಎಂದಳು.

ಇದರಲ್ಲಿ ನನ್ನ ತಪ್ಪಿಲ್ಲ ಎಂದು ಈಗಲೂ ವಾದಿಸಬಲ್ಲೆ. ಬೇಡವಾದದ್ದಕ್ಕೆಲ್ಲ ಅವಳು "ಬುಡು" ಎನ್ನುತ್ತಾಳೆ. ಅನ್ನ ಸೀದರೂ ಬುಡು, ಬಸ್ಸು ತಪ್ಪಿದರೂ ಬುಡು. ಪಾಪ, ಹೆದರಿದ್ದೀಯ, ಹೋಗಲಿ ಬಿಡು ಎಂದೇ ಹೇಳುತ್ತಿದ್ದಾಳೆ ಎಂದುಕೊಂಡೆ. ಪಟ್ಟಿ ಕಿತ್ತೆ, ಚಪ್ಪಲಿ ಕೈಗೆತ್ತಿಕೊಂಡೆ, ಬಾಗಿಲು ದಾಟಿದೆ. ಹಿಂದಿನಿಂದ ಮಹಾಲಿಂಗ ಸರ್ "ಯಾರಮ್ಮ ಅದು ಓಡಿದ್ದು" ಎನ್ನುವುದು ಕೇಳಿಸಿತು.

ಆಮೇಲೆ ಕುಮಾರಿ ರೂಮಿಗೆ ಬಂದು ಮಂಚದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೈ ಬುಡು ಅಂದ್ರೆ ಕ್ಯಾಂಪನ್ನೇ ಬುಟ್ಟು ಓದ್ಯಲ್ಲಮ್ಮಿ."

ನಗುವುದು ನಿಂತ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಇವತ್ತು ಸೋಮವಾರ, ಅವಳು ಒಪ್ಪೊತ್ತು. ರಾತ್ರಿ ಊಟಕ್ಕೆ ಏಳಲಿಲ್ಲ.


೭ ಅಕ್ಟೋಬರ್, ಭಾನುವಾರ

ಹಾಸ್ಟೆಲಿನಲ್ಲಿ ಈಗ ನನಗೆ "ಬುಡು ರಂಜಿನಿ" ಎಂದು ಹೆಸರು. ಅಡುಗೆಯ ಸುಂದ್ರಮ್ಮನವರೂ ಸಾರು ಬಡಿಸುವಾಗ "ಬುಡ್ಲಾ?" ಎಂದು ಕೇಳಿ ನಗುತ್ತಾರೆ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಮಾರಿಯನ್ನು ಕೇಳಿದೆ, ನಿನಗೆ ಯಾಕೆ ಇದರ ಮೇಲೆ ಇಷ್ಟು ಆಸೆ ಎಂದು. ತಮಾಷೆಯ ಉತ್ತರ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

ಈ ಯುಗಾದಿಗೆ ಮುಂಚೆ ಅವಳ ಅಕ್ಕನಿಗೆ ಹೆರಿಗೆಯಾಯಿತಂತೆ. ಮಗು ಬಂದ ಮೇಲೂ ರಕ್ತ ನಿಲ್ಲಲಿಲ್ಲ. ಆಸ್ಪತ್ರೆಯವರು ಮನೆಯವರಲ್ಲಿ ಯಾರಾದರೂ ಕೊಡಿ ಎಂದರು. ಅವ್ವ ದೊಡ್ಡಮಾದಮ್ಮನ ಹನಿ ತೇಲಿತು. ಸೋದರಮಾವ ಪುಟ್ಟಮಾದುಗೆ ಆಗಷ್ಟೇ ಕಾಮಾಲೆ ವಾಸಿಯಾಗಿತ್ತು, ಬೇಡ ಎಂದರು. ಭಾವ ಕೇರಳದ ಕಡೆ ಲಾರಿಯಲ್ಲಿದ್ದರು. ಕುಮಾರಿ ತೂಕ ಸಾಲಲಿಲ್ಲ. ಕೊನೆಗೆ ಬ್ಲಡ್ ಬ್ಯಾಂಕಿನಲ್ಲಿ ಇದ್ದ ಎರಡು ಬಾಟಲಿ ಹಾಕಿ ಉಳಿಸಿದರು. ಯಾರು ಕೊಟ್ಟಿದ್ದೋ ಗೊತ್ತಿಲ್ಲ.

"ನಾವು ತಕ್ಕೊಂಡ ಮನೆಯವ್ರು ಕಣಮ್ಮಿ" ಎಂದಳು. "ಕೊಟ್ಟ ಮನೆಯವ್ರೂ ಆಗ್ಬೇಕು. ಒಂದ್ಸಲನಾದ್ರೂವೆ."

ಆಗಲೇ ಮಾದಪ್ಪನಿಗೆ ಹರಕೆ ಹೊತ್ತಳಂತೆ, ಮಗುವಿಗೆ ಎರಡು ವರ್ಷ ತುಂಬುವವರೆಗೂ ಸೋಮವಾರ ಒಂದೇ ಹೊತ್ತು ಊಟ ಎಂದು. ಹಾಗೆ ಮಾಡಿದರೆ ತೂಕ ಹೇಗೆ ಹೆಚ್ಚುತ್ತದೆ, ಎರಡೂ ಕಾಂಟ್ರಡಿಕ್ಟರಿ ಅಲ್ಲವೇ ಎಂದೆ. ಆ ಪದಕ್ಕೆ ಕನ್ನಡ ಹೊಳೆಯಲಿಲ್ಲ. ಆದರೂ ಅವಳಿಗೆ ಅರ್ಥವಾಯಿತು. ಸೋಪಿನ ಕೈಯಲ್ಲೇ ಹಣೆ ಒರೆಸಿಕೊಂಡು, "ಅದೇ ಕಣ ನಂಗೂ ತಿಳೀದೆ ಇರದು" ಎಂದಳು.

ನನ್ನ ಹತ್ತಿರ ಐವತ್ತೆಂಟು ಕೆಜಿ ಇದೆ, ಹರಕೆ ಇಲ್ಲ, ಹನಿ ಮುಳುಗುತ್ತದೆ. ಇದನ್ನು ಯೋಚಿಸುತ್ತಾ ಒಂದು ದುಪಟ್ಟಾವನ್ನು ಎರಡು ಸಲ ಒಗೆದೆ.


೨೫ ನವೆಂಬರ್, ಭಾನುವಾರ
ಗುಂಡ್ಲುಪೇಟೆ

ಕುಮಾರಿಯನ್ನು ಮನೆಗೆ ಕರೆದುಕೊಂಡು ಬಂದಿದ್ದೆ. ಅಮ್ಮ ಅವಳ ತಟ್ಟೆಗೆ ಬಡಿಸಿದ್ದೇ ಬಡಿಸಿದ್ದು. ಮುದ್ದೆ, ಹುರುಳಿಕಾಳಿನ ಸಾರು, ಮೇಲೆ ಮೊಟ್ಟೆ. ಅವಳು ತಿಂದಳು. ಆದರೆ ಅವಳ ಮೈಗೆ ಏನೂ ಹತ್ತುವುದಿಲ್ಲ. ನನಗೆ ಅಮ್ಮ ಬಡಿಸುವುದನ್ನು ನೋಡಿದರೆ ಸಾಕು, ಹತ್ತುತ್ತದೆ.

ಊಟವಾದ ಮೇಲೆ ಮಾರ್ಕೆಟ್ಟಿಗೆ ಹೋದೆವು. ಅವಳ ಮಾವ ಪುಟ್ಟಮಾದು ಅಲ್ಲಿ ಈರುಳ್ಳಿ ಮಂಡಿಯಲ್ಲಿ ತೂಕ ಹಾಕುತ್ತಾರೆ. ಹುಟ್ಟಿದ ಊರಿನ ಮಾರ್ಕೆಟ್ಟಿನ ಒಳಗೆ ನಾನು ಹೋದದ್ದು ಇದೇ ಮೊದಲು. ಒಬ್ಬ ಹೆಂಗಸು ಬದನೆಕಾಯಿ ತೂಗಿಸಿಕೊಂಡು, ಮುಳ್ಳು ಸರಿ ನಿಂತ ಮೇಲೂ ಚೀಲ ಅಗಲಿಸಿಕೊಂಡೇ ನಿಂತಿದ್ದಳು. ಅಂಗಡಿಯವ ಇನ್ನೆರಡು ಕಾಯಿ ಎಸೆದ ಮೇಲೆ ಹೋದಳು. ತೂಕ ಎಕ್ಸಾಕ್ಟ್ ಆಗಿತ್ತಲ್ಲ, ಮತ್ತೆ ಯಾಕೆ ಕೊಟ್ಟ ಎಂದು ಕೇಳಿದೆ.

"ಕೊಸರು" ಎಂದಳು ಕುಮಾರಿ.

"ಅಂದರೆ?"

ಪುಟ್ಟಮಾದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದ್ಯಾವ ಊರ್ ಮಗ ಇದು, ಕೊಸರು ಗೊತ್ತಿಲ್ವಾ? ತೂಕ ತಕ್ಕಡೀದು ಕಣವ್ವ. ಕೊಸರು ಕೊಡೋನ್ದು. ಅದ ಯಾರೂ ಕೇಳಿ ಈಸ್ಕಬಾರ್ದು, ಆದ್ರೂ ಎಲ್ರೂ ಕೇಳ್ತರೆ."

ಈಗ ಮಂಡಿಗೆ ಕರೆಂಟಿನ ತಕ್ಕಡಿ ಬಂದಿದೆ. ಹಳೆಯ ಕಬ್ಬಿಣದ ಬಟ್ಟುಗಳು, ಕೈತಕ್ಕಡಿಯಲ್ಲಿ ಒಂದು ಕಡೆ ಇಡುತ್ತಿದ್ದ ತೂಕಗಳು, ಮೂಲೆಯ ಗೋಣಿಚೀಲದಲ್ಲಿ ಬಿದ್ದಿದ್ದವು. ಕುಮಾರಿ ನಾಲ್ಕು ಆರಿಸಿಕೊಂಡಳು.

"ಏನಕ್ಕಮ್ಮಿ?"

"ಪೇಪರು ಆರ್ದಂಗೆ ಮ್ಯಾಲೆ ಇಡಕ್ಕೆ ಮಾವ. ನಮ್ ರೂಮ್ನಲ್ಲಿ ಗಾಳಿ."

ನಮ್ಮ ರೂಮಿನಲ್ಲಿ ಒಂದೇ ಕಿಟಕಿ. ಅದೂ ತೆರೆಯುವುದಿಲ್ಲ. ಹಳೆ ವಸ್ತುಗಳ ಮೇಲೆ ಪ್ರೀತಿ ಇರಬೇಕು ಎಂದುಕೊಂಡೆ.


೧೧ ಜನವರಿ ೨೦೦೮, ಶುಕ್ರವಾರ
ಚಾಮರಾಜನಗರ

ನಾಳೆ ಯುವ ದಿನ. ಮತ್ತೆ ಶಿಬಿರ. ಈ ಸಲ ನಾನು ಹೆಸರು ಕೊಟ್ಟಿಲ್ಲ, ಯಾರೂ ಕೇಳಲೂ ಇಲ್ಲ.

ಸಂಜೆ ರೂಮಿಗೆ ಬಂದರೆ ಕುಮಾರಿ ಹಳೆಯ ಸೀರೆಯ ತುಂಡನ್ನು ಉದ್ದಕ್ಕೆ ಮಡಿಚಿ ಹೊಲಿಯುತ್ತಿದ್ದಳು. ಹೊಲಿಗೆಯ ನಡುನಡುವೆ ಜೇಬು. ಪಕ್ಕದಲ್ಲಿ ಆ ಬಟ್ಟುಗಳು, ಕೆಜಿಯವು ಮೂರು, ಅರ್ಧ ಕೆಜಿಯದು ಒಂದು.

ನನಗೆ ಅರ್ಥವಾಗುವುದು ಯಾವಾಗಲೂ ತಡ. ಅವಳೇ ಸೊಂಟಕ್ಕೆ ಕಟ್ಟಿ, ಮೇಲೆ ಚೂಡಿದಾರ್ ಇಳಿಬಿಟ್ಟು, ಕನ್ನಡಿ ಮುಂದೆ ತಿರುಗಿ ತೋರಿಸಿದಳು. "ಕಂಡದಾ?"

"ನಲವತ್ತೆರಡಕ್ಕೆ ಮೂರು ಸೇರಿಸಿದರೆ ಸಾಕಲ್ಲ" ಎಂದೆ. ಮೊದಲು ಬಾಯಿಗೆ ಬಂದದ್ದು ಅದೇ ಲೆಕ್ಕ. "ಅರ್ಧ ಯಾಕೆ?"

"ಸರಿಯಾಗಿ ಮುಳ್ಳಿಗೆ ನಿಂತ್ರೆ ಆ ಸಿಸ್ಟರ್ ಬಗ್ಗಿ ಬಗ್ಗಿ ನೋಡ್ತದೆ. ಒಸಿ ಕೊಸರು ಇರ್ಲಿ."

ಮೂರೂವರೆ ಕೆಜಿ ಕಬ್ಬಿಣ ಕಟ್ಟಿಕೊಂಡು ರೂಮಿನಲ್ಲಿ ಓಡಾಡಿದಳು, ಶಬ್ದ ಬರುತ್ತದೆಯೋ ಎಂದು. ಬಂತು. ಟವೆಲ್ ಸುತ್ತಿದಳು. ನಿಂತಿತು.

ತೂಕ ಕಡಿಮೆ ಇದ್ದವರ ಮೈಯಲ್ಲಿ ರಕ್ತವೂ ಕಡಿಮೆ, ಅಷ್ಟು ಒಟ್ಟಿಗೆ ತೆಗೆದರೆ ತಲೆ ಸುತ್ತಿ ಬೀಳುತ್ತೀಯ, ರೂಲ್ಸ್ ಸುಮ್ಮನೆ ಮಾಡಿರುವುದಿಲ್ಲ ಎಂದೆಲ್ಲ ಹೇಳಿದೆ. ಅರ್ಧ ಇಂಗ್ಲಿಷಿನಲ್ಲಿ ಹೇಳಿದೆ, ಗಾಬರಿಯಲ್ಲಿ ಕನ್ನಡ ನನ್ನನ್ನು ಬಿಟ್ಟು ಹೋಗುತ್ತದೆ.

"ಬಿದ್ರೆ ಎತ್ತು. ನೀನಿದ್ದೀಯಲ್ಲ" ಎಂದಳು. ಆಮೇಲೆ ನನ್ನ ಕೈ ಹಿಡಿದು, "ಯಾರ್ಗೂ ಏಳಕೂಡ್ದು. ಮಾದಪ್ಪನಾಣೆ ಮಾಡು."

ಮಾಡಿದೆ. ಬೇಡ ಎನ್ನಲು ಬರುವುದಿಲ್ಲ ನನಗೆ, ಯಾವ ಭಾಷೆಯಲ್ಲೂ.

ಅವಳು ಎಷ್ಟು ಧೈರ್ಯವಂತೆ. ನಾನು ಅವಳ ಕಾಲು ಭಾಗ ಇದ್ದಿದ್ದರೂ ಸಾಕಿತ್ತು.


೧೨ ಜನವರಿ, ಶನಿವಾರ

ಕೈ ಸ್ವಲ್ಪ ನೋಯುತ್ತಿದೆ, ಅಕ್ಷರ ಓರೆಯಾದರೆ ಅದಕ್ಕೇ.

ಅವಳು ತೂಕದ ಮೆಷಿನ್ ಹತ್ತಿದಳು. ಮುಳ್ಳು ನಲವತ್ತೈದು ದಾಟಿ ಸ್ವಲ್ಪ ಮುಂದೆ ನಿಂತಿತು. ರಾಚಮ್ಮ ಸಿಸ್ಟರ್ ಅವಳ ಗುರುತು ಹಿಡಿದರು. "ಪರ್ವಾಗಿಲ್ವೇ, ಉಂಡಿದ್ದೀಯ." ಬೆರಳು ಚುಚ್ಚಿದರು. ಹನಿ ಮುಳುಗಿತು. ಡಾಕ್ಟರ್ ಬಿ.ಪಿ. ನೋಡಿ ಕಿಟಕಿ ಪಕ್ಕದ ಮಂಚ ತೋರಿಸಿದರು.

ಅವಳು ಆ ಕಡೆ ನಡೆಯತೊಡಗಿದಳು. ನಾನು ನೋಡಲು ಬಂದವಳು, ಗೋಡೆಗೆ ಒರಗಿ ನಿಂತಿದ್ದೆ. ಅವಳು ತುಂಬಿದ ಕೊಡ ಹೊತ್ತವರ ಹಾಗೆ, ಒಂದೂ ಸದ್ದು ಬರದಂತೆ, ಮೆಲ್ಲ ಮೆಲ್ಲ ಹೆಜ್ಜೆ ಇಡುತ್ತಿದ್ದಳು. ಮುಖದಲ್ಲಿ ಎಂಥ ಸಂತೋಷ. ಆ ಮುಖ ನೋಡಿ ಸುಮ್ಮನಿರಬೇಕು ಅನ್ನಿಸಿತು. ಅಷ್ಟರಲ್ಲೇ ಅವಳ ಮಣಿಕಟ್ಟು ಕಣ್ಣಿಗೆ ಬಿತ್ತು. ನನ್ನ ಎರಡು ಬೆರಳಿನೊಳಗೆ ಹಿಡಿಸುವ ಮಣಿಕಟ್ಟು ಅದು. ಹೇಳಿದರೆ ಆಣೆ ಮುರಿಯುತ್ತದೆ, ಹೇಳದಿದ್ದರೆ ಅವಳು ಬೀಳುತ್ತಾಳೆ.

ಏನೂ ತೋಚದೆ ಹೋಗಿ ಅವಳಿಗಿಂತ ಮುಂಚೆ ಆ ಮಂಚದ ಮೇಲೆ ಮಲಗಿಬಿಟ್ಟೆ.

ಕುಮಾರಿ ಬಂದು ನಿಂತಳು. "ಏಳಮ್ಮಿ, ಅದು ನಂದು."

"ಇಲ್ಲ."

"ಏನಾಗದೆ ನಿಂಗೆ? ಏಳು ಅಂದ್ರೆ."

"ನಿನ್ನ ಕೊಸರು ಬಿಚ್ಚಿಟ್ಟು ಬಾ. ಆಮೇಲೆ ಏಳ್ತೀನಿ."

ಮೆಲ್ಲಗೇ ಹೇಳಿದ್ದೆ. ಹಾಗೆಂದರೆ ಏನೆಂದು ಅವಳಿಗೆ ಮಾತ್ರ ಗೊತ್ತಾಗಬೇಕಿತ್ತು, ಆಣೆಯೂ ಉಳಿಯುತ್ತಿತ್ತು. ಆದರೆ ಪಟ್ಟಿ ಹಿಡಿದುಕೊಂಡು ರಾಚಮ್ಮ ಸಿಸ್ಟರ್ ಹಿಂದೆಯೇ ಇದ್ದರು. "ಏನು ಕೊಸರು?" ಎಂದರು. ಕುಮಾರಿ ಏನೂ ಇಲ್ಲ ಎಂದು ತೋರಿಸಲು ಪಕ್ಕದ ಸ್ಟೀಲ್ ಸ್ಟೂಲಿನ ಮೇಲೆ ಕೂತಳು. ಠಣ್ ಎಂದಿತು.

ಹಾಲಿನಲ್ಲಿ ಎಲ್ಲರೂ ತಿರುಗಿದರು. ಸಿಸ್ಟರ್ ಅವಳನ್ನು ಪರದೆಯ ಹಿಂದೆ ಕರೆದುಕೊಂಡು ಹೋದರು. ಒಂದೊಂದಾಗಿ ಕಬ್ಬಿಣ ಮೇಜಿನ ಮೇಲಿಡುವ ಸದ್ದು. ಹೊರಗೆ ಬಂದಾಗ ಸಿಸ್ಟರ್ ಕೈಯಲ್ಲಿ ಅರ್ಧ ಕೆಜಿಯ ಬಟ್ಟು ಇತ್ತು. ಅದನ್ನು ಅಂಗೈಯಲ್ಲಿ ಏರಿಸಿ ಇಳಿಸಿ ನೋಡುತ್ತಿದ್ದರು.

"ಎಷ್ಟೋ ಜನ ತೂಕ್ದಲ್ಲಿ ಮೋಸ ಮಾಡೋರ್ನ ಕಂಡಿವ್ನಿ ಸಾರ್" ಎಂದರು ಮಹಾಲಿಂಗ ಸರ್ ಕಡೆ ತಿರುಗಿ. "ಎಲ್ಲ ಕಮ್ಮಿ ಕೊಡಕ್ಕೆ. ಜಾಸ್ತಿ ಕೊಡಕ್ಕೆ ಮೋಸ ಮಾಡೋಳ್ನ ಇವತ್ತೇ ಕಂಡದ್ದು."

ಹುಡುಗರು ನಗಲು ಶುರುಮಾಡಿದವರು ಸರ್ ಮುಖ ನೋಡಿ ನಿಲ್ಲಿಸಿದರು. ಸರ್ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಕುಮಾರಿ ಕಿಟಕಿ ಕಡೆ ಮುಖ ಮಾಡಿ, ನಮಗೆಲ್ಲ ಬೆನ್ನು ಹಾಕಿ ನಿಂತಿದ್ದಳು.

ಆಮೇಲೆ ಸಿಸ್ಟರ್ ನನ್ನನ್ನು ನೋಡಿದರು. "ನೀನ್ಯಾಕೆ ಮಲಗಿದ್ದೀಯಮ್ಮ? ಅವತ್ತು ಚಪ್ಪಲಿ ಕೈಲಿಡ್ಕಂಡು ಓಡಿದ್ದು ನೀನೇ ಅಲ್ವಾ?"

ಹೌದು ಎಂದೆ. ತೂಕ ಮಾಡಿಸಿಲ್ಲವಲ್ಲ, ಎದ್ದು ಬಾಗಿಲ ಪಕ್ಕದ ಮೆಷಿನ್ನಿಗೆ ಹೋದೆ. ಐವತ್ತೇಳು. ಬೆರಳು ಚುಚ್ಚಿಸಿಕೊಂಡೆ, ಡಾಕ್ಟರ್ ಮುಂದೆ ಕೂತೆ, ಮತ್ತೆ ಬಂದು ಅದೇ ಮಂಚದ ಮೇಲೆ ಮಲಗಿದೆ. ಮನಸ್ಸೆಲ್ಲ ಕುಮಾರಿಯ ಬೆನ್ನಿನ ಮೇಲೆ ಇತ್ತು. ಅವಳು ಅಳುತ್ತಿದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಸಿಸ್ಟರ್ ಪಟ್ಟಿ ಕಟ್ಟಿ ಕೈಗೆ ಸ್ಪಂಜಿನ ಚೆಂಡು ಕೊಟ್ಟರು. ನಾನು ಬಿಗಿ ಹಿಡಿದೆ. ಸೂಜಿ ಒಳಗೆ ಹೋದದ್ದು ಗೊತ್ತಾಯಿತು. ಇರುವೆ ಕಚ್ಚಿದ ಹಾಗೆ ಎನ್ನುತ್ತಾರಲ್ಲ, ಸುಳ್ಳು, ಅದಕ್ಕಿಂತ ಜಾಸ್ತಿ. ಮುಷ್ಟಿ ಬಿಚ್ಚಲು ಆಗಲೇ ಇಲ್ಲ.

ಆಗ ಕಿಟಕಿ ಕಡೆಯಿಂದ, ತಿರುಗದೆ, ಸಿಟ್ಟಿನ ದನಿಯಲ್ಲಿ ಬಂತು. "ಬುಡು."

ಬಿಟ್ಟೆ.

"ಇಡಿ."

ಅವಳ ಇಡಿ ಎಂದರೆ ಹಿಡಿ. ಹಿಡಿದೆ.

"ಬುಡು."

ಚೀಲ ತುಂಬುವವರೆಗೂ ಹಾಗೇ ಹೇಳಿದಳು, ಒಂದು ಸಲವೂ ಈ ಕಡೆ ನೋಡದೆ. ಕೊನೆಯಲ್ಲಿ ಸಿಸ್ಟರ್ ಟೆಸ್ಟಿಗೆಂದು ಎರಡು ಪುಟ್ಟ ಟ್ಯೂಬುಗಳಿಗೆ ಇನ್ನೂ ಸ್ವಲ್ಪ ತುಂಬಿಸಿಕೊಂಡರು. ಅದಕ್ಕೆ ಏನೆನ್ನಬೇಕೆಂದು ತಟ್ಟನೆ ಹೊಳೆಯಿತು, ಅವಳಿಗೆ ಹೇಳೋಣವೆಂದು ತಲೆ ಎತ್ತಿದೆ. ಅವಳು ಹೊರಟುಹೋಗಿದ್ದಳು.


೧೩ ಜನವರಿ, ಭಾನುವಾರ

ಮಾತಾಡಲಿಲ್ಲ. ಬೆಳಿಗ್ಗೆ ಹಬ್ಬಕ್ಕೆ ಊರಿಗೆ ಹೋದಳು. ಬಟ್ಟುಗಳನ್ನೂ ಚೀಲಕ್ಕೆ ಹಾಕಿಕೊಂಡಳು.


೧೭ ಜನವರಿ, ಗುರುವಾರ

ಮಧ್ಯಾಹ್ನ ಹಾಸ್ಟೆಲ್ ಗೇಟಿನಲ್ಲಿ ಜೋರು ದನಿ. ಕುಮಾರಿ ಮುಂದೆ, ತಲೆಯ ಮೇಲೆ ಅವರೆಕಾಯಿ ಚೀಲ ಹೊತ್ತ ಅವಳ ಅವ್ವ ದೊಡ್ಡಮಾದಮ್ಮ ಹಿಂದೆ. ಒಳಗೆ ಬರುವ ಮೊದಲೇ ಇಡೀ ವರಾಂಡಕ್ಕೆ ಕೇಳುವ ಹಾಗೆ ಹೇಳುತ್ತಿದ್ದರು:

"ಮಗಳು ಅಬ್ಬಕ್ಕೆ ಎಳ್ಳು ಬೆಲ್ಲ ತತ್ತಾಳೆ ಅಂದ್ರೆ ಕಬ್ಬಿಣ ತಂದವ್ಳೆ ಕಣ್ರವ್ವಾ, ಕಬ್ಬಿಣ. ಚೀಲ ಎತ್ತಿದ್ರೆ ನನ್ ನಡ ಇಡ್ಕತು."

ರೂಮಿನಲ್ಲಿ ನೆಲದ ಮೇಲೆ ಕೂತು ನೀರು ಕುಡಿದರು. ನನ್ನನ್ನು ನೋಡಿ, "ನೀನಾ ಕಂದಾ, ಮಂಚದ ಮ್ಯಾಲೆ ಬಿದ್ಕಂಡೋಳು? ಒಳ್ಳೆ ಕೆಲ್ಸ ಮಾಡ್ದೆ ಬುಡು" ಎಂದರು. ಈ ಬುಡು ಯಾವ ಬುಡು ಎಂದು ನಾನು ಯೋಚಿಸಬೇಕಾಗಲಿಲ್ಲ.

ಆಮೇಲೆ ಮಗಳ ಕಡೆ ತಿರುಗಿದರು. "ನೋಡು, ಅರಕೆ ಒತ್ತಿದ್ದು ನೀನು, ಸರಿ. ಇನ್ ಮ್ಯಾಲೆ ಸೋಮವಾರ ನಂದು. ಉಣ್ಣೋದು ನಿಂದು."

"ಅಂಗೆಲ್ಲ ಬದ್ಲಾಯ್ಸಕ್ಕೆ ಆದದಾ ಅವ್ವ?"

"ಯಾಕಾಗಕಿಲ್ಲ? ನೀನು ನನ್ ಒಟ್ಟೇಲಿದ್ದಾಗ ನಾನ್ ಉಂಡಿದ್ದು ನಿಂಗೆ ಸೇರ್ಲಿಲ್ವಾ? ಈಗ ನಾನ್ ಉಪಾಸ ಇದ್ರೆ ಅದೂ ನಿಂಗೇ ಸೇರ್ತದೆ. ಮಾದಪ್ಪನ್ಗೆ ನಾನ್ ಏಳ್ಕತೀನಿ, ಅವ್ನೂ ತಾಯಿ ಮಗನೇಯ."

ಕುಮಾರಿ ಅವರೆಕಾಯಿ ಚೀಲದ ಬಾಯಿ ಬಿಚ್ಚತೊಡಗಿದಳು. ಅವಳ ಧೈರ್ಯ ಎಲ್ಲಿಂದ ಬಂದದ್ದು ಎಂಬುದು ಇವತ್ತು ಗೊತ್ತಾಯಿತು.

ಅವ್ವನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತೆವು. ಅವಳು ತಲೆ ಎತ್ತದೆ ಕೇಳಿದಳು.

"ನೋವಾಯ್ತಾ?"

"ಆಯ್ತು."

"ಆಗ್ಲಿ" ಎಂದಳು. ಒಂದು ಹಿಡಿ ಅವರೆಕಾಯಿ ನನ್ನ ಮಡಿಲಿಗೆ ಹಾಕಿದಳು. "ಸುಲಿ. ಸುಮ್ನೆ ಕೂತವ್ಳೆ."


೨೧ ಜನವರಿ, ಸೋಮವಾರ

ರಾತ್ರಿ ಊಟದಲ್ಲಿ ಕುಮಾರಿ ಎರಡು ಮುದ್ದೆ. ಸೋಮವಾರ ರಾತ್ರಿ ಅವಳು ತಟ್ಟೆ ಹಿಡಿದದ್ದನ್ನು ನೋಡಿ ಸುಂದ್ರಮ್ಮನವರು ಸೌಟು ಹಿಡಿದೇ ನಿಂತುಬಿಟ್ಟರು. ಇವರು ಅವಳಿಗೆ ಯಾವಾಗಲೂ ಚಿಕ್ಕ ಮುದ್ದೆ ಹಾಕುತ್ತಾರೆ, ನನಗೆ ದೊಡ್ಡದು. "ಅಕ್ಕಾ, ಇನ್ಮೇಲೆ ಅವಳಿಗೆ ದೊಡ್ಡದು ಹಾಕಿ, ನನಗೆ ಚಿಕ್ಕದು ಸಾಕು" ಎಂದೆ. ಹಿಂದೆ ಕ್ಯೂ ಇದ್ದದ್ದರಿಂದ ಜೋರಾಗಿಯೇ ಹೇಳಬೇಕಾಯಿತು.


೧೪ ಮಾರ್ಚ್, ಶುಕ್ರವಾರ

ಬಸ್ ಸ್ಟ್ಯಾಂಡಿನ ಕಾಯಿನ್ ಮೆಷಿನ್ನಿನಲ್ಲಿ ನಲವತ್ನಾಲ್ಕು. ಚೀಟಿಯ ಹಿಂದೆ ಭವಿಷ್ಯವೂ ಬಂತು, "ವಿದೇಶ ಪ್ರಯಾಣ ಯೋಗ." ಕುಮಾರಿ, "ಇನ್ನೊಂದು ಕೆಜಿ ಯೋಗ ಅಂತ ಬರೀಬಾರ್ದಾಗಿತ್ತಾ" ಎಂದಳು.

ಕನ್ನಡ ಟೆಸ್ಟಿನಲ್ಲಿ ಹದಿನೇಳು.


೨೦ ಏಪ್ರಿಲ್, ಭಾನುವಾರ
ಗುಂಡ್ಲುಪೇಟೆ

ಪರೀಕ್ಷೆಗೆ ಓದಲೆಂದು ಮನೆಗೆ ಬಂದಿದ್ದೇನೆ, ಓದಿದ್ದು ಕಡಿಮೆ. ಇವತ್ತು ಮಾರ್ಕೆಟ್ಟಿನಲ್ಲಿ ವರ್ತಕರೂ ಲಾರಿಯವರೂ ಸೇರಿ ಶಾಮಿಯಾನ ಹಾಕಿ ರಕ್ತದಾನ ಶಿಬಿರ ಮಾಡಿದರು. ವಿಷಯ ತಿಳಿಸಿದ್ದು ಪುಟ್ಟಮಾದು. ಕುಮಾರಿ ಮೊದಲನೇ ಬಸ್ಸಿಗೇ ಕುದೇರಿನಿಂದ ಹೊರಟು ಬಂದಿದ್ದಳು, ಜೊತೆಗೆ ದೊಡ್ಡಮಾದಮ್ಮನೂ.

ನಾನು ಬೇಗ ಹೋಗಿ ಕೊಟ್ಟು ಮುಗಿಸಿದೆ, ಅವಳು ಬರುವಷ್ಟರಲ್ಲಿ ಫ್ರೀ ಇರಬೇಕೆಂದು. ಆದರೂ ತಡವಾಗುವುದರಲ್ಲಿತ್ತು. ಬೇಗೂರಿನ ಕಾಲೇಜು ಹುಡುಗಿಯೊಬ್ಬಳು ಪಕ್ಕದ ಮಂಚದಲ್ಲಿ ಅಳಲು ಶುರುಮಾಡಿದಳು. ಎಲ್ಲರೂ ಅವಳಿಗೆ ಇರುವೆಯ ಕಥೆ ಹೇಳುತ್ತಿದ್ದರು. ಇರುವೆಗಿಂತ ಜಾಸ್ತಿ ನೋಯುತ್ತದೆ, ಆದರೆ ಬೇಗ ಹೋಗುತ್ತದೆ, ನನ್ನ ಮುಖ ನೋಡು, ಕೈ ಬುಡು ಕಣಮ್ಮಿ ಎಂದೆ. ಇವಳಿಂದಾಗಿ ಕುಮಾರಿಯ ತೂಕ ನೋಡುವುದು ತಪ್ಪಿಹೋಗುತ್ತದಲ್ಲ ಎಂದು ಒಳಗೇ ಚಡಪಡಿಸುತ್ತಿದ್ದೆ. ಪುಣ್ಯಕ್ಕೆ ಹುಡುಗಿ ಬೇಗ ಮುಗಿಸಿದಳು.

ಓಡಿ ಮಂಡಿಗೆ ಹೋದರೆ ಅಲ್ಲಿ ಜನವೋ ಜನ. ಶಿಬಿರದ ಮೆಷಿನ್ ಹತ್ತುವ ಮುಂಚೆ ತನ್ನ ತಕ್ಕಡಿಯಲ್ಲೇ ತೂಗಬೇಕೆಂದು ಪುಟ್ಟಮಾದು ಹಟ ಹಿಡಿದಿದ್ದರು. ಈರುಳ್ಳಿ ಮೂಟೆ ಇಳಿಸಿ ತಕ್ಕಡಿಯನ್ನು ಗೋಣಿಚೀಲದಿಂದ ಒರೆಸಿದರು. "ಬಾ, ಅತ್ತು. ಚಪ್ಲಿ ಬುಡು. ಆ ಬಳೆನೂ ತೆಗೆ. ನಂಗೆ ಕೆಟ್ಟೆಸ್ರು ತಂದೋಳು ನೀನು, ನನ್ ಬಟ್ಟುಗಳ್ಗೂವೆ."

ಕುಮಾರಿ ಹತ್ತಿದಳು. ಹಮಾಲಿಗಳೂ ನಿಂತು ನೋಡುತ್ತಿದ್ದರು. ದೊಡ್ಡಮಾದಮ್ಮ ಕಣ್ಣು ಮುಚ್ಚಿದ್ದರು. ಕೆಂಪು ಅಂಕಿಗಳು ಓಡಿ ನಿಂತವು.

"ನಲವತ್ತೈದೂವರೆ" ಎಂದು ಪುಟ್ಟಮಾದು ಮೂಟೆಯ ತೂಕ ಕೂಗುವ ದನಿಯಲ್ಲಿ ಕೂಗಿದರು.

ಶಾಮಿಯಾನದಲ್ಲಿ ರಾಚಮ್ಮ ಸಿಸ್ಟರ್ ಅವಳನ್ನು ಕಂಡು ಬಟ್ಟು ಕೊಡು ಎನ್ನುವ ಹಾಗೆ ಕೈ ಚಾಚಿದರು. ಕುಮಾರಿ ತಾನೇ ಎರಡೂ ಕೈ ಮೇಲೆತ್ತಿ ನಿಂತಳು. "ತಟ್ಟಿ ನೋಡಿ ಸಿಸ್ಟರ್." ಸಿಸ್ಟರ್ ನಿಜವಾಗಿಯೂ ಸೊಂಟ ತಟ್ಟಿ ನೋಡಿದರು, ಆಮೇಲೆ ಹಾಗೇ ಬೆನ್ನಿನ ಮೇಲೆ ಒಂದು ಗುದ್ದು ಹಾಕಿದರು.

ಮಂಚದ ತಲೆಯ ಕಡೆ ನಿಂತೆ. ಸೂಜಿ ಹೋದಾಗ ಅವಳು ಒಂದು ಸಲವೂ ಮುಖ ಕಿವುಚಲಿಲ್ಲ. ಅದನ್ನು ಬರೆದಿಡಲೇಬೇಕು. ಕಣ್ಣು ಬಿಟ್ಟುಕೊಂಡೇ ನಳಿಗೆಯಲ್ಲಿ ಇಳಿಯುವುದನ್ನು ನೋಡುತ್ತಿದ್ದಳು. ಹೀಗೆ ಇರಬೇಕು ಮನುಷ್ಯರು. ದೊಡ್ಡಮಾದಮ್ಮ ಶಾಮಿಯಾನದ ಕಂಬ ಹಿಡಿದು ನಿಂತಿದ್ದರು. "ಇಡಿ" ಎಂದೆ. "ಬುಡು" ಎಂದೆ. ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಳು.

ಚೀಲ ತುಂಬಿತು. ಸಿಸ್ಟರ್ ನಳಿಗೆ ಕಟ್ಟಿದರು.

"ಮುಗೀತಾ ಸಿಸ್ಟರ್?"

"ಮುಗೀತು. ತಡಿ, ಈ ಎರಡು ಟ್ಯೂಬಿಗೆ ಇನ್ನೊಸಿ ತಕ್ಕತೀನಿ. ಟೆಸ್ಟಿಗೆ."

ಕುಮಾರಿ ಆ ಪುಟ್ಟ ಟ್ಯೂಬುಗಳು ತುಂಬುವುದನ್ನೇ ನೋಡಿದಳು. ಆಮೇಲೆ ಮಲಗಿದ್ದಲ್ಲಿಂದಲೇ ತಲೆ ಹಿಂದಕ್ಕೆ ವಾಲಿಸಿ ನನ್ನನ್ನು ತಲೆಕೆಳಗಾಗಿ ನೋಡಿ, ಮಂಡಿಯಲ್ಲಿ ನನಗೆ ಮೊದಲ ಸಲ ಹೇಳಿಕೊಟ್ಟ ದನಿಯಲ್ಲೇ ಹೇಳಿದಳು.

"ಕೊಸರು."